ಹೊಟ್ಟೆಗೆ ಬೇಕಿರೋದು ಊಟ, ಫಾರ್ಮ್ ಕೇಳೋದು ವಯಸ್ಸು

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಸೆಕ್ಷನ್ ಒಮ್ಮೆ ಓದಿ. ಪ್ರತಿ ಗರ್ಭಿಣಿಗೂ ಉಚಿತ ಊಟ, ಜೊತೆಗೆ ಕನಿಷ್ಠ 6,000 ರೂಪಾಯಿ ನೆರವು ಅಂತಿದೆ. ಸರ್ಕಾರಿ ನೌಕರರಂಥವರಿಗೆ ಹಣದ ನೆರವಿಲ್ಲ, ಅಷ್ಟೇ. ವಯಸ್ಸಿನ ಮಾತೇ ಇಲ್ಲ.

ಈ ಹಕ್ಕು 2017ರಲ್ಲಿ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಾಗಿ ಬಂದಾಗ ಮೊತ್ತ 5,000ಕ್ಕೆ ಇಳಿದಿತ್ತು. ಅದೂ ಮೊದಲ ಮಗುವಿಗೆ ಮಾತ್ರ, ತಾಯಿಗೆ 19 ತುಂಬಿದ್ದರೆ ಮಾತ್ರ. ಆಮೇಲೆ ವಯಸ್ಸಿನ ಮಿತಿ ಒಂದಿಷ್ಟು ತಿಂಗಳು ಸಡಿಲವಾಯ್ತು. 17ರ ಬಸುರಿ ಇವತ್ತಿಗೂ ಹೊರಗೇ. ಎಂಜಿನಿಯರಿಂಗ್ ಓದಿದವನಿಗೆ ಇದು ಗೊತ್ತಿರೋ ಉಪಾಯ: ಬೇಡದ ಡೇಟಾವನ್ನು ಫಾರ್ಮ್‌ನಲ್ಲೇ ತಡೆದುಬಿಟ್ಟರೆ ಡ್ಯಾಶ್‌ಬೋರ್ಡ್ ಚೆಂದ ಕಾಣುತ್ತೆ.

ಹಣ ಕೊಟ್ಟರೆ ಬಾಲ್ಯವಿವಾಹಕ್ಕೆ ಕುಮ್ಮಕ್ಕು ಕೊಟ್ಟಂತೆ ಅನ್ನೋದು ಇದಕ್ಕೆ ಕೊಡುವ ಸಮರ್ಥನೆ. ಕಂತಿನಲ್ಲಿ ಬರೋ 5,000 ರೂಪಾಯಿಗಾಗಿ ಯಾವ ಅಪ್ಪ ಮಗಳ ಮದುವೆ ಮಾಡ್ತಾನೆ, ಹೇಳಿ.

ಈ ಹುಡುಗಿಯ ಮೈ ಇನ್ನೂ ಬೆಳೆಯುತ್ತಿರುತ್ತೆ. ಕಬ್ಬಿಣ, ಕ್ಯಾಲ್ಸಿಯಂ, ಪ್ರೊಟೀನ್ ಅವಳಿಗೂ ಬೇಕು, ಹೊಟ್ಟೆಯಲ್ಲಿರೋ ಕೂಸಿಗೂ ಬೇಕು. ತಟ್ಟೆಯಲ್ಲಿರೋದೇ ಕಡಿಮೆ ಆದಾಗ ಮಗು ದಿನ ತುಂಬುವ ಮೊದಲೇ ಹುಟ್ಟುವ, ಎರಡೂವರೆ ಕೆಜಿಯೂ ತೂಗದಿರುವ ಅಪಾಯ ಹೆಚ್ಚು. ಅಂಥ ಮಕ್ಕಳಿಗೆ ಮೈ ಬಿಸಿ ಉಳಿಯಲ್ಲ, ಹಾಲು ಚೀಪೋ ತ್ರಾಣ ಇರಲ್ಲ, ಸೋಂಕು ಬೇಗ ತಗಲುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15-19ರ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಬಸುರಾಗೋ ಮೊದಲೇ ದೇಹ ಸಾಲದಲ್ಲಿದೆ. ಕರ್ನಾಟಕದ 20-24ರ ಹೆಣ್ಣುಮಕ್ಕಳಲ್ಲಿ ಶೇ. 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಅನ್ನೋದೂ ಅದೇ ಸಮೀಕ್ಷೆಯಲ್ಲಿದೆ.

ನಮ್ಮ ರಾಜ್ಯದ ಮಾತೃಪೂರ್ಣ ಈ ವಿಷಯದಲ್ಲಿ ವಾಸಿ. 2017ರ ಅಕ್ಟೋಬರ್ 2ರಿಂದ ಅಂಗನವಾಡಿಯಲ್ಲಿ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ. ಮನೆಗೆ ಕಳಿಸಿದರೆ ಎಲ್ಲರೂ ಹಂಚಿಕೊಂಡು ತಿಂತಾರೆ, ಅವಳ ಪಾಲಿಗೆ ಏನೂ ಉಳಿಯಲ್ಲ. ಹಾಗಾಗಿ ಅಲ್ಲೇ ಕೂತು ಉಣ್ಣಬೇಕು. ಸರಿಯಾದ ಯೋಚನೆಯೇ. ಆದರೆ 18 ತುಂಬದ ಬಸುರಿ ಊರವರ ಮುಂದೆ ದಿನಾ ಹೋಗಿ ಕೂರೋಕಾಗುತ್ತಾ? ಅವಳ ಬಸುರೇ ಪೋಕ್ಸೋ ಪ್ರಕರಣ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ನರ್ಸೂ ಅಪರಾಧಿ, ಆಶಾ ಕಾರ್ಯಕರ್ತೆಯೂ ಅಪರಾಧಿ. ಆ ಕಾನೂನು ಬೇಡ ಅಂತ ನಾನು ಹೇಳ್ತಿಲ್ಲ. ಎಷ್ಟೋ ಮಕ್ಕಳಿಗೆ ಅದೊಂದೇ ರಕ್ಷಣೆ. ಆದರೆ ಭಯಕ್ಕೆ ಮನೆಯವರು ಬಚ್ಚಿಡ್ತಾರೆ, ತಾಯಿ ಕಾರ್ಡ್ ತಡವಾಗುತ್ತೆ. ಕಬ್ಬಿಣದ ಮಾತ್ರೆ 180 ದಿನ ನುಂಗಬೇಕು. ಏಳನೇ ತಿಂಗಳಲ್ಲಿ ಬಂದವಳಿಗೆ ಹೆರಿಗೆಗೆ ಉಳಿಯೋದು ಸುಮಾರು 90 ದಿನ.

2022ರಲ್ಲಿ ಸುಪ್ರೀಂ ಕೋರ್ಟ್, ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೇಳಿಕೊಂಡರೆ ವೈದ್ಯರು ಅವಳ ಗುರುತನ್ನು ಪೊಲೀಸರಿಗೆ ಕೊಡಬೇಕಿಲ್ಲ ಅಂದಿತು. ಗರ್ಭ ಉಳಿಸಿಕೊಂಡವಳಿಗೆ ಆ ಆಸರೆಯೂ ಇಲ್ಲ.

ಕೇಂದ್ರ ತನ್ನ ಫಾರ್ಮ್ ತಿದ್ದೋವರೆಗೆ ಬೆಂಗಳೂರು ಕಾಯಬೇಕಿಲ್ಲ. ಕೋವಿಡ್ ಹೊತ್ತಲ್ಲಿ ಅಂಗನವಾಡಿ ರೇಷನ್ ಮನೆಬಾಗಿಲಿಗೇ ಹೋಗಿತ್ತು. ಹಂಚಿ ತಿಂದರೂ ಚಿಂತೆಯಿಲ್ಲ, ಈ ಹುಡುಗಿಯರ ಮನೆಗೆ ಮೊಟ್ಟೆ, ಬೇಳೆ, ಹಾಲಿನಪುಡಿ ಒಂದು ಪಾಲು ಹೆಚ್ಚೇ ಕಳಿಸೋಕೆ ಇಲಾಖೆಯ ಒಂದು ಸುತ್ತೋಲೆ ಸಾಕು.