ಹಣ್ಣು ರೋಗಿಗಳಿಗೆ ಮಾತ್ರವೇ?

ನಮ್ಮ ಮನೆಗಳಲ್ಲಿ ಹಣ್ಣಿಗೆ ಗೌರವವುಂಟು, ಬಳಕೆ ಕಡಿಮೆ. ದೇವರ ಮುಂದಿಡಲು ಹಣ್ಣು ಬೇಕು. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಹೋಗುವಾಗ ಹಣ್ಣು ಬೇಕು. ಬೀಗರು ಬಂದರೆ ತಟ್ಟೆಯಲ್ಲಿ ಹಣ್ಣು ಬೇಕು. ಶಾಲೆಯಿಂದ ಹಸಿದು ಬಂದ ಮಗುವಿನ ಕೈಗೆ ಮಾತ್ರ ಕುರುಕಲು ತಿಂಡಿಯ ಪೊಟ್ಟಣ! ಹಣ್ಣು ದೇವರಿಗೂ ರೋಗಿಗೂ ಅತಿಥಿಗೂ ಮೀಸಲಾದ ಪದಾರ್ಥವೆಂಬ ಈ ಭಾವನೆಯು ತಪ್ಪೆಂದೂ, ಅದನ್ನು ತಿದ್ದುವ ಶಕ್ತಿಯು ವಿದ್ಯಾರ್ಥಿಗಳ ಕೈಯಲ್ಲಿಯೇ ಇದೆಯೆಂದೂ ನಾವು ನಂಬುತ್ತೇವೆ.

ಹಣ್ಣಿನ ವಿಷಯದಲ್ಲಿ ನಮ್ಮಷ್ಟು ಭಾಗ್ಯವಂತರು ವಿರಳ. ಮುಂಬಯಿಯ ಹಣ್ಣಿನ ಸಗಟು ವ್ಯಾಪಾರವು 1996ರಲ್ಲಿ ಕ್ರಾಫರ್ಡ್ ಮಾರುಕಟ್ಟೆಯನ್ನು ಬಿಟ್ಟು ನವಿ ಮುಂಬಯಿಯ ವಾಶಿಗೆ ಬಂದಿತು. ದೇವಗಡ, ರತ್ನಾಗಿರಿಗಳ ಹಾಪೂಸು, ನಾಗಪುರದ ಕಿತ್ತಳೆ, ಜಳಗಾಂವದ ಬಾಳೆ, ನಾಸಿಕದ ದ್ರಾಕ್ಷಿ, ಸೊಲ್ಲಾಪುರದ ದಾಳಿಂಬೆ, ಘೋಲವಡದ ಚಿಕ್ಕು ಇವೆಲ್ಲವೂ ನಮ್ಮ ಬಾಗಿಲಿಗೇ ಬರುತ್ತವೆ. ಬೇಸಗೆಯ ಕೊನೆಯಲ್ಲಿ ಶಹಾಪುರ, ಮುರಬಾಡಗಳ ಗುಡ್ಡಗಾಡಿನಿಂದ ಆದಿವಾಸಿ ಮಹಿಳೆಯರು ನೇರಳೆ, ಕವಳೆ ಹಣ್ಣುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ನಮ್ಮ ಪೇಟೆಗಳಲ್ಲಿ ಮಾರುತ್ತಾರೆ. ಇಷ್ಟಿದ್ದೂ ಹಣ್ಣು ತಿನ್ನದಿರುವುದು, ತುಂಬಿದ ಕೆರೆಯ ದಡದಲ್ಲಿ ಬಾಯಾರಿ ಕುಳಿತಂತೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಸೂಚನೆಗಳಲ್ಲಿ, ಪ್ರತಿಯೊಬ್ಬರೂ ದಿನಕ್ಕೆ ಸುಮಾರು 100 ಗ್ರಾಂ ಹಣ್ಣು ತಿನ್ನಬೇಕೆಂದು ಹೇಳಿದೆ. ಒಂದು ಬಾಳೆಹಣ್ಣೋ ಒಂದು ಪೇರಲವೋ ಆದರೆ ಈ ಲೆಕ್ಕ ಮುಗಿಯಿತು. ಇದಕ್ಕೆ ದುಬಾರಿಯ ವಿದೇಶಿ ಸೇಬು ಬೇಕಿಲ್ಲ. ಬಡವರ ಹಣ್ಣೆನಿಸಿದ ಪೇರಲದಲ್ಲಿ ಕಿತ್ತಳೆಗಿಂತ ಮೂರು ನಾಲ್ಕು ಪಟ್ಟು ಹೆಚ್ಚು ಸಿ ಜೀವಸತ್ವವುಂಟು. ಬೆಲೆಗೂ ಗುಣಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

"ಹಣ್ಣನ್ನು ಸಿದ್ಧಪಡಿಸಲು ಸಮಯವೆಲ್ಲಿ?" ಎಂದು ಕೆಲವರು ಕೇಳಬಹುದು. ತಂದೆ ತಾಯಿ ಇಬ್ಬರೂ ಬೆಳಗಿನ ಲೋಕಲ್ ಗಾಡಿಯನ್ನು ಹಿಡಿಯುವ ಮನೆಗಳಲ್ಲಿ ಈ ಪ್ರಶ್ನೆ ಸಹಜವಾದುದೇ. ಆದರೆ ಒಲೆ ಹೊತ್ತಿಸದೆ ಸಿದ್ಧವಾಗುವ ಆಹಾರವು ಹಣ್ಣಲ್ಲದೆ ಮತ್ತಾವುದು? ನಮ್ಮ ಹಿರಿಯರು ಊರಿನಿಂದ ತಂದ ಪಾಕಗಳನ್ನೇ ನೋಡಿರಿ. ಬಾಳೆಹಣ್ಣನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಬೆಲ್ಲದ ಪುಡಿ, ತೆಂಗಿನಕಾಯಿಯ ಹಾಲು, ಚಿಟಿಕೆ ಏಲಕ್ಕಿ ಬೆರೆಸಿದರೆ ಉಡುಪಿಯ ಕಡೆಯ ರಸಾಯನವಾಯಿತು. ಮಾವಿನ ಹಣ್ಣನ್ನು ಹಿಂಡಿ, ಹಾಲು ಸಕ್ಕರೆ ಕಲಸಿದರೆ ಧಾರವಾಡ, ವಿಜಯಪುರಗಳ ಸೀಕರಣೆ. ಚಪಾತಿಗೆ ಅದಕ್ಕಿಂತ ಒಳ್ಳೆಯ ಜೊತೆಯಿಲ್ಲ. ನೆರೆಮನೆಯ ಮರಾಠಿ ತಾಯಂದಿರು ಬಾಳೆಹಣ್ಣಿಗೆ ಹಾಲು ಬೆರೆಸಿ ಮಾಡುವ ಶಿಕರಣವು ಇದರ ಒಡಹುಟ್ಟೇ ಸರಿ. ಕರಬೂಜವನ್ನು ಕಿವುಚಿ ಬೆಲ್ಲ ಏಲಕ್ಕಿ ಹಾಕಿದರೆ ಬೇಸಗೆಯ ಪಾನಕ. ಪೇರಲಕ್ಕೆ ಉಪ್ಪು ಖಾರ, ಪಪಾಯಕ್ಕೆ ನಾಲ್ಕು ಹನಿ ಲಿಂಬೆ: ಇಷ್ಟೇ ಸಾಕು.

ಕೆಲವು ಸಣ್ಣ ನಿಯಮಗಳನ್ನು ಮಾತ್ರ ಮರೆಯಬಾರದು. ಹಣ್ಣನ್ನು ಹೆಚ್ಚುವ ಮೊದಲೇ ತೊಳೆಯಬೇಕು. ಕಲ್ಲಂಗಡಿಯಂತಹ ದಪ್ಪ ಸಿಪ್ಪೆಯ ಹಣ್ಣನ್ನೂ ಬಿಡಬಾರದು, ಏಕೆಂದರೆ ಸಿಪ್ಪೆಯ ಮೇಲಣ ಕೊಳೆಯನ್ನು ಚಾಕುವೇ ಒಳಕ್ಕೆ ಒಯ್ಯುತ್ತದೆ. ಹೆಚ್ಚಿದ ಮೇಲೆ ತೊಳೆದರೆ ನೀರಿನೊಡನೆ ಸತ್ವವೂ ಹೋಗುತ್ತದೆ. ಸೇಬು, ಬಾಳೆಗಳ ಹೋಳು ಗಾಳಿ ತಗುಲಿ ಕಪ್ಪಾಗುವುದನ್ನು ಲಿಂಬೆಯ ರಸವು ತಡೆಯುತ್ತದೆ. ಮಾವನ್ನು ಅರ್ಧ ಗಂಟೆ ನೀರಿನಲ್ಲಿಟ್ಟರೆ ತೊಟ್ಟಿನ ಸೊನೆ ತೊಳೆದುಹೋಗುತ್ತದೆ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಗಿಸುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. ಆ ಭಯವಿರುವವರು ಕಾಯಿ ಮಾವನ್ನೇ ತಂದು ಅಕ್ಕಿಯ ಡಬ್ಬಿಯಲ್ಲಿ ಹೂತಿಡಲಿ. ಹಣ್ಣಿನಿಂದಲೇ ಹೊರಡುವ ಎಥಿಲೀನ್ ಎಂಬ ಅನಿಲವು ಅಲ್ಲಿ ತಂಗಿ ನಿಂತು ಅದನ್ನು ಮಾಗಿಸುತ್ತದೆ.

ಹಣ್ಣಿನ ರಸವೂ ಹಣ್ಣೇ ಅಲ್ಲವೇ ಎಂಬುದು ಇನ್ನೊಂದು ವಾದ. ನಾವು ಇದನ್ನು ಒಪ್ಪಲಾರೆವು. ಸೋಸಿದ ರಸದಲ್ಲಿ ನಾರು ಹೋಗಿ ಸಿಹಿ ಉಳಿಯುತ್ತದೆ. ಡಬ್ಬಿಯಲ್ಲಿ ಮಾರುವ ಎಷ್ಟೋ ಪಾನೀಯಗಳಲ್ಲಂತೂ ರಸಕ್ಕಿಂತ ನೀರು ಸಕ್ಕರೆಗಳೇ ಹೆಚ್ಚು. ಎರಡು ಕಿತ್ತಳೆಯನ್ನು ಕುಡಿಯಲು ಒಂದು ನಿಮಿಷ ಸಾಕು, ತಿನ್ನಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಮನೆಯವರು ಒಂದೆಡೆ ಕುಳಿತು ಮಾತನಾಡಬಹುದು.

ಹಣ್ಣಿನೊಡನೆ ನಮ್ಮ ನುಡಿಯೂ ಸೇರಿಕೊಂಡಿದೆ. ಮೈಸೂರಿನವರ ಸೀಬೆ ಧಾರವಾಡದವರಿಗೆ ಪೇರಲ. ಮಂಗಳೂರಿನವರ ಪುನರ್ಪುಳಿ ಮಲೆನಾಡಿಗರಿಗೆ ಮುರುಗಲು, ಇಲ್ಲಿಯವರಿಗೆ ಕೋಕಮ್. ನಗರದಲ್ಲಿ ಬೆಳೆಯುವ ಕನ್ನಡದ ಮಕ್ಕಳು ಈ ಹೆಸರುಗಳನ್ನು ಪುಸ್ತಕದಲ್ಲಿ ಓದಿದರೆ ಮರೆಯುವರು. ಅಜ್ಜಿಯ ಪಕ್ಕದಲ್ಲಿ ಕುಳಿತು ಹಣ್ಣು ಸುಲಿಯುತ್ತಾ ಕೇಳಿದರೆ ಮರೆಯಲಾರರು.

ಆದುದರಿಂದ ವಿದ್ಯಾರ್ಥಿ ಮಿತ್ರರೇ, ಮನೆಯ ಹಣ್ಣಿನ ತಟ್ಟೆಯ ಹೊಣೆಯನ್ನು ನೀವೇ ವಹಿಸಿಕೊಳ್ಳಿರಿ. ಇದು ಹುಡುಗಿಯರ ಕೆಲಸವೆಂದು ಹುಡುಗರು ಹಿಂಜರಿಯಬಾರದು. ಚಿಕ್ಕವರು ತೊಳೆಯಲಿ, ಸುಲಿಯಲಿ. ಚಾಕು ಹಿಡಿಯುವ ವಯಸ್ಸಿನವರು ಹೆಚ್ಚಲಿ. ಒಂದು ಪೊಟ್ಟಣ ತಿಂಡಿಯ ಹಣಕ್ಕೆ ಎರಡು ಬಾಳೆಹಣ್ಣು ಬರುತ್ತವೆಂಬ ಲೆಕ್ಕವನ್ನು ತಂದೆಯವರಿಗೆ ನೀವೇ ಒಪ್ಪಿಸಿರಿ. ಸಂಜೆ ಗಾಡಿಯಿಂದಿಳಿದು ದಣಿದು ಬರುವ ತಾಯಿಗೆ, ಮಕ್ಕಳೇ ಹೆಚ್ಚಿಟ್ಟ ಹಣ್ಣಿನ ತಟ್ಟೆಗಿಂತ ದೊಡ್ಡ ಉಪಚಾರ ಇನ್ನಾವುದು?