ನನ್ನ ಬಾಳೆಯ ನೀರನ್ನು ಗಟಾರಕ್ಕೆ ತಿರುಗಿಸಿದ ಅಧ್ಯಕ್ಷರಿಗೆ

ಧಾರವಾಡದ ನಮ್ಮ ಬಡಾವಣೆಯ ಸಂಘದ ಮಾನ್ಯ ಅಧ್ಯಕ್ಷರೇ,

ಮೂರು ಅರ್ಜಿ ಕೊಟ್ಟೆ. ಎರಡು ಸಲ ಮನೆಗೇ ಬಂದು ಕಂಡೆ. ಕಾರ್ಯದರ್ಶಿಗಳು ‘ಮುಂದಿನ ಮೀಟಿಂಗಿಗೆ ಇಡೋಣ’ ಎಂದರು. ಆ ಮೀಟಿಂಗೂ ಆಗಿಹೋಯಿತು, ನನ್ನ ಅರ್ಜಿ ಅಲ್ಲಿ ಬರಲೇ ಇಲ್ಲ. ಹೀಗಾಗಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಡೆದದ್ದು ಓಣಿಯವರಿಗೆಲ್ಲ ಗೊತ್ತು. ನಮ್ಮ ಒಗೆಯುವ ಕಲ್ಲಿನಿಂದ ಹಿತ್ತಿಲಿಗೆ ಹೋಗುವ ಪೈಪು ಎರಡು ಮೊಳ ಸಂಘದ ಜಾಗದಲ್ಲಿ ಹಾಯುತ್ತದೆ. ಹಿಂದಿನ ಗಟಾರಕ್ಕೆ ಕಾಂಕ್ರೀಟ್ ಹಾಕುವಾಗ ನಿಮ್ಮ ಗುತ್ತಿಗೆದಾರ ಅದನ್ನು ಕತ್ತರಿಸಿ, ಬಾಯಿಯನ್ನು ಗಟಾರಕ್ಕೆ ತಿರುಗಿಸಿ, ಮೇಲೆ ಸಿಮೆಂಟು ಬಳಿದ. ಕೆಲಸ ಶುರುವಾಗುವ ಮುನ್ನ ನೀವೇ ಬಂದು ನೋಡಿದ್ದಿರಿ. ಬಾಳೆಯ ದಿಂಡಿಗೆ ಕೈಯಿಟ್ಟು ನಿಂತು, ‘ನಿಮ್ಮ ಪೈಪಿಗೆ ಯಾರೂ ಕೈ ಹಚ್ಚೂದಿಲ್ರಿ, ನಾ ಅದೀನಿ’ ಎಂದಿರಿ. ಆ ಮಾತನ್ನು ನಂಬಿ ನಾನು ಬರಹದಲ್ಲಿ ಏನನ್ನೂ ಕೇಳಲಿಲ್ಲ.

ಅದು ಎಂಥ ನೀರು ಎಂಬುದನ್ನಾದರೂ ಕೇಳಿ. ನಾನು ಹಿತ್ತಿಲಿಗೆ ಬಿಡುತ್ತಿದ್ದದ್ದು ಅರಿವೆ ಜಾಲಿಸಿದ ನೀರು. ಮೊದಲ ಸಲದ ದಪ್ಪ ಸಾಬೂನು ನೀರು ಗಟಾರಕ್ಕೇ ಹೋಗುತ್ತಿತ್ತು. ಡಿಟರ್ಜೆಂಟ್ ಪುಡಿಯಲ್ಲಿ ಸೋಡಿಯಂ ಹೆಚ್ಚಿರುತ್ತದೆ, ಅದು ಮಣ್ಣಿನಲ್ಲಿ ಕೂಡುತ್ತ ಹೋದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಮೇಲೆ ಹೆಪ್ಪುಗಟ್ಟುತ್ತವೆ, ಆಮೇಲೆ ನೀರು ಇಂಗುವುದಿಲ್ಲ. ಅದಕ್ಕೇ ಪುಡಿ ಬಿಟ್ಟು ಅಂಟುವಾಳಕ್ಕೆ ಬಂದೆ. ಬ್ಲೀಚು ಹಾಕಿದ ನೀರನ್ನು, ಕೂಸಿನ ಹೊಲಸು ಬಟ್ಟೆ ತೊಳೆದ ನೀರನ್ನು ಗಿಡಕ್ಕೆ ಬಿಟ್ಟಿಲ್ಲ. ಸೊಪ್ಪಿನ ಮಡಿಗೆ ಒಂದು ತಂಬಿಗೆಯನ್ನೂ ಹಾಕಿಲ್ಲ. ಬಾಳೆ, ತೆಂಗು, ಕರಿಬೇವಿನ ಬುಡಕ್ಕೆ ಮಾತ್ರ.

ಬಾಳೆಯ ಸುತ್ತ ಒಂದು ಮೊಳ ಆಳದ ತಗ್ಗು ತೆಗೆದು ತೆಂಗಿನ ನಾರು, ಒಣಗಿದ ಎಲೆ ತುಂಬಿದ್ದೆ. ಪೈಪಿನ ಬಾಯಿ ಆ ಎಲೆಗಳ ಅಡಿಯಲ್ಲಿತ್ತು. ಒಂದು ಬಕೆಟ್ ನೀರು ಹತ್ತು ನಿಮಿಷದಲ್ಲಿ ಇಂಗುತ್ತಿತ್ತು, ಕೈಯಿಟ್ಟರೆ ತಂಪು ಹತ್ತುತ್ತಿತ್ತೇ ಹೊರತು ನೀರು ಕಾಣುತ್ತಿರಲಿಲ್ಲ. ಒಗೆದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಹಿಡಿದಿಟ್ಟರೆ ನಾರುತ್ತದೆ, ಅದಕ್ಕೇ ಹಿಡಿದಿಡುತ್ತಲೂ ಇರಲಿಲ್ಲ.

ಆದರೂ ಎಲ್ಲರೆದುರು ನೀವು ಅದನ್ನು ‘ಹೊಲಸು ನೀರು’ ಎಂದಿರಿ, ಸೊಳ್ಳೆಯ ಮಾತು ತೆಗೆದಿರಿ. ಡೆಂಗಿ ಸೊಳ್ಳೆ ಮೊಟ್ಟೆಯಿಟ್ಟು ಮರಿ ಬೆಳೆದು ಹಾರಲು ಒಂದು ವಾರವಾದರೂ ನಿಂತ ನೀರು ಬೇಕು. ಹತ್ತು ನಿಮಿಷದಲ್ಲಿ ಇಂಗುವ ತಗ್ಗಿನಲ್ಲಿ ಅದು ಹುಟ್ಟುವುದೆಲ್ಲಿ? ನಿಮ್ಮ ಹೊಸ ಗಟಾರಕ್ಕೆ ಇಳಿಜಾರು ಸರಿಯಿಲ್ಲ. ನಮ್ಮ ಮನೆಯ ಹಿಂದೆ ಗೇಣು ಆಳದ ನೀರು ಈಗ ಹಗಲು ರಾತ್ರಿ ನಿಂತೇ ಇದೆ. ಬಂದು ನೋಡಿ.

ಲೆಕ್ಕ ಹೇಳುತ್ತೇನೆ. ನಗರದ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಅದರಲ್ಲಿ 20 ಲೀಟರ್ ಬಟ್ಟೆ ಒಗೆಯಲು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 80 ಲೀಟರ್. ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಅಮ್ಮಿನಭಾವಿಗೆ ಬಂದು, ಶುದ್ಧವಾಗಿ, ಪಂಪಿನಿಂದ ಏರಿ ನಮ್ಮ ನಲ್ಲಿಗೆ ಬರಬೇಕು. ನಮ್ಮ ಓಣಿಗೆ ಅದು ಬರುವುದು ಐದಾರು ದಿನಕ್ಕೊಮ್ಮೆ. ಅಷ್ಟು ದೂರದಿಂದ ಬಂದ ನೀರನ್ನು ಒಂದೇ ಸಲ ಬಳಸಿ ಗಟಾರಕ್ಕೆ ಚೆಲ್ಲು ಎಂದು ನನಗೆ ಹೇಳುತ್ತಿದ್ದೀರಿ. ನಮ್ಮತ್ತೆಯ ಕಾಲದಲ್ಲಿ ಬಚ್ಚಲ ನೀರು ಬಾಳೆಗೆ, ಕೆಸುವಿಗೆ ಹೋಗದ ಹಿತ್ತಿಲೇ ಇರಲಿಲ್ಲ. ಆಗ ಅದನ್ನು ಯಾರೂ ತಪ್ಪು ಎನ್ನಲಿಲ್ಲ.

2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈದೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಎಂದಿತು. ನಮ್ಮ ಉದ್ಯಾನದ ಹುಲ್ಲಿಗೆ ನೀವು ಇಂದಿಗೂ ಟ್ಯಾಂಕರಿನ ಒಳ್ಳೆಯ ನೀರು ಬಿಡಿಸುತ್ತೀರಿ. ಅದರ ಬಿಲ್ಲು ನಮ್ಮ ವಂತಿಗೆಯಿಂದಲೇ ಹೋಗುತ್ತದೆ. ಮಳೆನೀರಿನ ಗುಂಡಿ ತೋಡುತ್ತೇವೆ ಎಂದಿರಿ, ತೋಡಲಿಲ್ಲ. ಓಣಿಯ ಎರಡೂ ಬದಿಗೆ ಕಾಂಕ್ರೀಟ್ ಬಳಿಸಿದಿರಿ, ಬೇವಿನ ಗಿಡದ ಬುಡಕ್ಕೂ ಒಂದು ಗೇಣು ಮಣ್ಣು ಬಿಡಲಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: ‘ನೋಡೋಣ.’ ನೋಡುವುದು ಮುಗಿಯುವುದು ಯಾವಾಗ?

ಪೈಪು ಕತ್ತರಿಸಿ ಏಳು ವಾರವಾಯಿತು. ಗೊನೆ ಹಾಕಿದ್ದ ಬಾಳೆಯ ಎಲೆಗಳು ಅಂಚಿನಿಂದ ಸುಟ್ಟು ಬಂದವು, ಕಾಯಿ ಬೆರಳಿನಷ್ಟಕ್ಕೇ ನಿಂತಿತು, ಹೋದ ವಾರ ದಿಂಡು ಬಾಗಿ ಬಿತ್ತು. ನೀವು ಕೈಯಿಟ್ಟು ಮಾತು ಕೊಟ್ಟ ಗಿಡ ಅದೇ.

ಪರಿಹಾರ ಬೇಡ. ಮೊಳದಷ್ಟು ಕಾಂಕ್ರೀಟ್ ಒಡೆಸಿ ಪೈಪನ್ನು ಮೊದಲಿನಂತೆ ಜೋಡಿಸಲು ಅನುಮತಿ ಬೇಕು, ಈ ಸಲ ಬರಹದಲ್ಲಿ. ಖರ್ಚು ನಾನೇ ಹಾಕುತ್ತೇನೆ. ಒಗೆದ ನೀರನ್ನು ಹಿತ್ತಿಲಿಗೆ ಬಿಡಲು ಬಯಸುವ ಎಲ್ಲ ಮನೆಗಳಿಗೂ ಸಂಘ ಇದೇ ಅನುಮತಿ ಕೊಡಬೇಕು. ಉದ್ಯಾನಕ್ಕೆ ಟ್ಯಾಂಕರ್ ನಿಲ್ಲಬೇಕು.

ಬಿದ್ದ ಬಾಳೆಯ ಬುಡದಲ್ಲಿ ಎರಡು ಮರಿ ಇನ್ನೂ ಹಸಿರಾಗಿವೆ. ಅವಕ್ಕೆ ದಿನವೂ ಬಕೆಟಿನಲ್ಲಿ ನೀರು ಹೊತ್ತು ಹಾಕುತ್ತಿದ್ದೇನೆ. ‘ನಾ ಅದೀನಿ’ ಎಂದಿದ್ದಿರಿ. ಇದ್ದರೆ, ಬನ್ನಿ.

ನಿಮ್ಮ ಬಡಾವಣೆಯ ಒಬ್ಬ ನಿವಾಸಿ