ಯಾವಾಗಲೂ ಹಚ್ಚೇ ಇಟ್ಟ ಹಾರ್ಡ್ ಡಿಸ್ಕು ಬ್ಯಾಕಪ್ ಅಲ್ಲರೀ

ಹೋದ ವಾರ ನಮ್ಮ ಓಣಿಯ ವೈನಿಯೊಬ್ಬರ ಮನಿಗೆ ಅರಿಷಿಣ-ಕುಂಕುಮಕ್ಕ ಹೋಗಿದ್ದೆ. ಕಂಪ್ಯೂಟರ್ ಹಿಂದ ಒಂದು ಕರೀ ಡಬ್ಬಿ, ಅದರ ಸಣ್ಣ ದೀಪ ಮಿಣಮಿಣ ಅನ್ನಲಿಕ್ಕತ್ತಿತ್ತು. "ಇದನ್ಯಾಕ ಹಚ್ಚೇ ಇಟ್ಟೀರಿ?" ಅಂದೆ. "ಅದು ಬ್ಯಾಕಪ್ಪು. ಮಗ ಹಚ್ಚಿ ಹೋಗ್ಯಾನ, ತಗೀಬ್ಯಾಡ ಅಂದಾನ" ಅಂದ್ರು. ಎರಡು ವರ್ಷದಿಂದ ಹಂಗೇ ಅದ ಅಂತ. ನನ್ನ ಎದಿ ಝಲ್ ಅಂತು.

ನಮ್ಮನ್ಯಾಗೂ ಹಂಗೇ ಇತ್ತು. ಪ್ರತಿ ರವಿವಾರ ರಾತ್ರಿ ತಾನೇ ಇಮೇಜ್ ತಗೊಳ್ಳೂ ಹಂಗ ಮಗ ಮಾಡಿಟ್ಟಿದ್ದ. ಇಮೇಜ್ ಅಂದ್ರ ಬರೇ ಫೋಟೋ ಅಲ್ಲ. ವಿಂಡೋಸು, ಪ್ರೋಗ್ರಾಮು, ಫೋಟೋ, ಲೆಕ್ಕ ಎಲ್ಲಾ ಸೇರಿಸಿ ಡಿಸ್ಕಿನ ಪೂರಾ ಪಡಿಯಚ್ಚು. ಕಂಪ್ಯೂಟರ್ ಕೆಟ್ಟರ ಅದರಿಂದ ಮೊದಲಿನಂಗ ಎಬ್ಬಿಸಬಹುದು.

ಹೋದ ವರ್ಷ ನಮ್ಮನಿಯವರು ಕೊರಿಯರ್ ಬಿಲ್ಲು ಅಂತ ಬಂದ ಮೇಲಿನೊಳಗಿನ ಫೈಲು ತಗದ್ರು. ಸ್ವಲ್ಪ ಹೊತ್ತಿನ್ಯಾಗ ಎಲ್ಲಾ ಫೈಲಿಗೂ ಕೀಲಿ ಬಿತ್ತು, ರೊಕ್ಕ ಕೊಟ್ರ ಬಿಡತೇವಿ ಅಂತ ಚೀಟಿ ಬಂತು. ನಾವೇನೂ ಗಾಬರಿ ಆಗಲಿಲ್ಲ, ಬ್ಯಾಕಪ್ ಅದ ಅಲ್ಲ! ರಿಪೇರಿ ಹುಡುಗ ನೋಡಿದ್ರ ಡಬ್ಬಿಯೊಳಗಿನ ಇಮೇಜಿಗೂ ಕೀಲಿ ಬಿದ್ದಿತ್ತು. ಹಚ್ಚಿಟ್ಟ ಡಬ್ಬಿ ಕಂಪ್ಯೂಟರಿಗೆ ಇನ್ನೊಂದು ಡ್ರೈವ್ ಅಷ್ಟ. 2017ರ ಮೇ ತಿಂಗಳದಾಗ ಬ್ರಿಟನ್ನಿನ ದವಾಖಾನಿಗಳನ್ನ ಕಂಗೆಡಿಸಿದ ವಾನಾಕ್ರೈ ಸುದ್ದ ಹಚ್ಚಿಟ್ಟ ಡ್ರೈವು ಬಿಡತಿರಲಿಲ್ಲ.

ನಮ್ಮ ಅತ್ತಿಯವರು ಗೌರಿ ಹುಣ್ಣಿವಿಗೆ ಹಾಡಿದ ಹನ್ನೆರಡು ಆರತಿ ಪದ ಅದರಾಗ ಇದ್ದುವು. ಅವರು ಹೋಗಿ ನಾಕು ವರ್ಷ ಆತು. ಮೂರು ಪದ ನಾದಿನಿ ಮೊಬೈಲಿನ್ಯಾಗ ಸಿಕ್ಕುವು. ಉಳಿದ ಒಂಬತ್ತು ನಮ್ಮನ್ಯಾಗ ಯಾರಿಗೂ ಪೂರಾ ಬರೂದಿಲ್ಲ.

ಮಗನ ವಾದ ಏನಂದ್ರ, "ಅವ್ವಾ, ತಗದಿಟ್ರ ಮತ್ತ ಹಚ್ಚೂದ ಮರೀತೀರಿ. ಆರು ತಿಂಗಳ ಹಳೇ ಬ್ಯಾಕಪ್ ಇಟಗೊಂಡು ಏನ್ಮಾಡತೀರಿ?" ಮಾತು ಪೂರಾ ಸುಳ್ಳಲ್ಲ, ಗಂಡಸರು ಮರೀತಾರ. ಆದ್ರ ಹಾಲಿನ ಲೆಕ್ಕ, ಗ್ಯಾಸು, ಏಕಾದಶಿ ನೆನಪಿಡೂ ನಮಗ ಇದೊಂದು ಭಾರ ಏನು? ತಿಂಗಳ ಹಳೇದಿದ್ರ ಒಂದು ತಿಂಗಳದ್ದು ಹೋಗತದ. ಹಚ್ಚೇ ಇಟ್ಟರ ಎಲ್ಲಾನೂ ಹೋಗತದ. ಉಪ್ಪಿನಕಾಯಿ ದೊಡ್ಡ ಭರಣಿ ಬಾಯಿಗೆ ಅರಿವಿ ಕಟ್ಟಿ ಮ್ಯಾಲೆ ಇಟ್ಟು, ದಿನಕ್ಕ ಸಣ್ಣ ಬಾಟ್ಲಿ ಇಡೂದು ನಮಗ್ಯಾರು ಕಲಿಸಬೇಕು?

ಈಗ ನಮ್ಮನ್ಯಾಗ ಎರಡು ಡಬ್ಬಿ. ಅಮಾವಾಸಿ ದಿನ ಹಚ್ಚತೀನಿ, ಇಮೇಜ್ ತಗೊಂಡು ಆಮ್ಯಾಲೆ ವೆರಿಫೈ ಅನ್ನೂದನ್ನ ಒತ್ತತೀನಿ, ಮುಗದ ಕೂಡಲೇ ಇಜೆಕ್ಟ್ ಮಾಡಿ ವಾಯರ್ ಕಿತ್ತು ಟ್ರಂಕಿಗೆ. ಇನ್ನೊಂದು ತವರುಮನ್ಯಾಗ ಇರತದ. ಪಂಚಮಿಗೆ, ದೀಪಾವಳಿಗೆ ಹೋದಾಗ ಅದಲು-ಬದಲು. ಕಳ್ಳ ಬಂದ್ರೂ, ಮಳಿ ನೀರು ನುಗ್ಗಿದ್ರೂ ಎರಡೂ ಒಮ್ಮೆ ಹೋಗೂದಿಲ್ಲ. ಕಂಪ್ಯೂಟರಿನ್ಯಾಗ ಏನರ ವಿಚಿತ್ರ ಕಂಡ ದಿನ ಮಾತ್ರ ಡಬ್ಬಿ ಮುಟ್ಟಬ್ಯಾಡ್ರಿ, ಮೊದಲು ಯಾರಿಗರ ತೋರಸ್ರಿ. ಪಾಸ್‌ಬುಕ್ಕು, ಆಧಾರು ಎಲ್ಲಾ ಆ ಇಮೇಜಿನ್ಯಾಗ ಇರೂದರಿಂದ ಪಾಸ್‌ವರ್ಡ್ ಹಾಕಿಸೀನಿ. ಅದನ್ನ ಮರೆತರ ನಾವೂ ತಗೀಲಿಕ್ಕಾಗೂದಿಲ್ಲ, ಅದಕ್ಕ ನನ್ನ ಕಿರಾಣಿ ಲೆಕ್ಕದ ವಹಿಯೊಳಗ ಬರದಿಟ್ಟೀನಿ. ಪದ, ಫೋಟೋ ಬ್ಯಾರೆ ಫೋಲ್ಡರಿನ್ಯಾಗ ಹಂಗೇ ಕಾಪಿ ಮಾಡಿರತೀನಿ. ಒಂದಿಡೀ ಇಮೇಜು ಕೆಟ್ಟು ತೆರೀಲಿಲ್ಲ ಅಂದ್ರ ಇವರ ಉಳೀಲಿ.

ದಸರಾಕ್ಕ ಮಗ ಬಂದಾಗ "ಬ್ಯಾಕಪ್ ಅದ ಅನಬ್ಯಾಡ, ಎಬ್ಬಿಸಿ ತೋರಸು" ಅಂದೆ. ಎಬ್ಬಿಸೂ ಪೆನ್ ಡ್ರೈವ್ ಹಾಕಿದ, ಕಂಪ್ಯೂಟರ್ ಏಳಲಿಲ್ಲ! ಹಳೇ ಕಂಪ್ಯೂಟರಿಗೆ ಮಾಡಿದ್ದಂತ. ಇಂಜಿನಿಯರ್ ಸಾಹೇಬ್ರು ತಲಿ ಕೆರಕೊಂಡ್ರು. ಹೊಸದು ಮಾಡಿ, ಎಬ್ಬಿಸಿ, ಇಮೇಜಿನೊಳಗಿಂದ ಒಂದು ಪದ ತಗದು ಕೇಳಿಸಿದ ಮ್ಯಾಲೇ ಚಹಾ ಕೊಟ್ಟೆ.

ವೈನಿಗೆ ಇದನ್ನೆಲ್ಲಾ ಹೇಳಿದ್ರ "ಮಗ ಬೈತಾನ್ರೀ" ಅಂದ್ರು. "ತಿಜೋರಿ ಕೀಲಿ ಯಾರ ಕೈಯಾಗ ಅದರಿ?" ಅಂತ ಕೇಳಿ ಬಂದೆ. ಮರುದಿನ ಫೋನ್ ಮಾಡಿದ್ರು: ಡಬ್ಬಿ ಕಪಾಟಿನ್ಯಾಗ ಇಟ್ಟಾರಂತ, ಮಗ ಸಿಟ್ಟಿಗೆದ್ದಾನಂತ.